ಪ್ರಮಾಣಪತ್ರದಲ್ಲಿ ಬರಿಯ ‘ಶೃಂಗಿ’

ಸೂರತ್ತಿನಿಂದ ಬಂದದ್ದು ಎರಡು ಪೊಟ್ಟಣ, ಒಂದು ಲಕೋಟೆ. ಪೊಟ್ಟಣಗಳಿಗೆ ಅರಗಿನ ಮುದ್ರೆ ಇತ್ತು. ಹೋಳಿ ಮುಗಿದ ವಾರವದು. ಬರೋಡಾದ ಬಿಸಿಲಿಗೆ ಪ್ರಯೋಗಾಲಯದ ಕಿಟಕಿಗಳಿಗೆ ಆಗಲೇ ಲಾವಂಚದ ತಟ್ಟಿ ಕಟ್ಟಿದ್ದರು. ತಂದ ಹವಾಲ್ದಾರ ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, ನೀರು ಕುಡಿದು, “ಬೇಗ ಆಗಬೇಕು ಬೇನ್. ಒಬ್ಬ ಮನುಷ್ಯ ಜೈಲಿನೊಳಗೆ ಕೂತಿದ್ದಾನೆ” ಎಂದ. ಬೇನ್ ಎಂದರೆ ಅಲ್ಲಿ ಅಕ್ಕ.

ಅರವತ್ತರ ದಶಕದ ನಡುವಿನ ವರ್ಷಗಳು. ಔಷಧಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯದ ಗಿಡಮೂಲಿಕೆ ವಿಭಾಗದಲ್ಲಿ ನಾನು ಸಹಾಯಕಿ. ಪುಡಿಯಾಗಿ ಬಂದದ್ದು ಯಾವ ಗಿಡದ ಯಾವ ಭಾಗ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ನನ್ನ ಕೆಲಸ.

ಪೊಲೀಸರ ಪತ್ರ ಅರ್ಧ ಪುಟದ್ದು. ಸೂರತ್ತಿನಲ್ಲಿ ತಾಪಿ ನದಿಯಾಚೆ ಅಡಾಜಣ್ ಎಂಬ ಊರು. ಆಗ ಅದು ಹೊಲಗಳ ನಡುವಿನ ಹಳ್ಳಿ. ಅಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ನಾಯಿಕೆಮ್ಮು. ವೃದ್ಧ ವೈದ್ಯರೊಬ್ಬರು ಚೀಟಿ ಬರೆದುಕೊಟ್ಟರು. ಹುಡುಗಿಯ ಅಜ್ಜಿ ಸೇತುವೆ ದಾಟಿ ಹಳೇ ಪೇಟೆಗೆ ಹೋಗಿ ಗಿಡಮೂಲಿಕೆ ಅಂಗಡಿಯಿಂದ ಪುಡಿ ತಂದಳು. ಜೇನಿನಲ್ಲಿ ಕಲಸಿ ಕೊಟ್ಟರೆ ಮಗು ಬಾಯಿ ಬಿಡಲಿಲ್ಲ. ಸಿಹಿಯಾಗಿದೆ ನೋಡು ಎಂದು ಅಜ್ಜಿ ತಾನೇ ಒಂದು ಚಮಚ ನೆಕ್ಕಿ ತೋರಿಸಿದಳು. ಅಷ್ಟಕ್ಕೂ ಮಗು ಒಪ್ಪಲಿಲ್ಲವೆಂದು ಇನ್ನೊಂದು ಚಮಚ. ಆಮೇಲೆ ಮಗು ಬಾಯಿ ತೆರೆಯಿತು, ನಾಲಿಗೆಗೆ ಹತ್ತಿದ್ದೇ ತಡ ಉಗುಳಿತು. ಒಂದು ಗಂಟೆಯೊಳಗೆ ಅಜ್ಜಿಯ ತುಟಿ, ಬೆರಳು ಜೋಮು ಹಿಡಿದವು. ವಾಂತಿ ಶುರುವಾಯಿತು. ಸಂಜೆಗೆ ತೀರಿಕೊಂಡಳು. ಮಗು ಮೂರು ದಿನ ಆಸ್ಪತ್ರೆಯಲ್ಲಿದ್ದು ಉಳಿಯಿತು. ಅಂಗಡಿಯವನನ್ನು ಪೊಲೀಸರು ಬಂಧಿಸಿದ್ದರು.

ಒಂದು ಪೊಟ್ಟಣದಲ್ಲಿ ಮನೆಯಲ್ಲಿ ಉಳಿದ ಪುಡಿ, ಇನ್ನೊಂದರಲ್ಲಿ ಅಂಗಡಿಯ ಡಬ್ಬಿಯಿಂದ ತೆಗೆದ ಪುಡಿ. ಲಕೋಟೆಯಲ್ಲಿ ವೈದ್ಯರ ಚೀಟಿ. ನಡುಗುವ ಗುಜರಾತಿ ಅಕ್ಷರದಲ್ಲಿ ಒಂದೇ ಪದ: ಶೃಂಗಿ. ಪೊಲೀಸರ ಪ್ರಶ್ನೆಗಳು ಎರಡು. ಪುಡಿ ವಿಷವೇ? ಚೀಟಿಯಲ್ಲಿ ಬರೆದ ವಸ್ತು ಇದೇ ಹೌದೇ?

ಶೃಂಗ ಎಂದರೆ ಕೊಂಬು, ಶೃಂಗಿ ಎಂದರೆ ಕೊಂಬುಳ್ಳದ್ದು. ಮಕ್ಕಳ ಕೆಮ್ಮಿಗೆ ವೈದ್ಯರು ಬರೆಯುವ ಶೃಂಗಿ ಕರ್ಕಟಶೃಂಗಿ, ಗುಜರಾತಿನಲ್ಲಿ ಕಾಕಡಾಶಿಂಗಿ. ಅದು ಬೇರೂ ಅಲ್ಲ, ಕಾಯಿಯೂ ಅಲ್ಲ. ಬೆಟ್ಟದ ಮರವೊಂದರ ಎಲೆಯ ಮೇಲೆ ಹುಳು ಕೂತು ಎಬ್ಬಿಸುವ ಗಂಟು. ಒಳಗೆ ಟೊಳ್ಳು, ಹೊರಗೆ ಕಂದುಗೆಂಪು, ತುದಿ ಸೊಟ್ಟಗೆ ಬಾಗಿ ಆಡಿನ ಕೊಂಬಿನಂತಿರುತ್ತದೆ. ಅದರಲ್ಲಿ ಒಗರು ಬಹಳ. ಪುಡಿಯನ್ನು ನೀರಿನಲ್ಲಿ ಕುದಿಸಿ ಸೋಸಿ, ಫೆರಿಕ್ ಕ್ಲೋರೈಡಿನ ಎರಡು ಹನಿ ಬಿಟ್ಟರೆ ಮಸಿಯಂತೆ ಕಪ್ಪಾಗಬೇಕು.

ಆಗಲಿಲ್ಲ. ನೀರು ಮಂಕಾದ ಹಳದಿಯಾಗಿಯೇ ಉಳಿಯಿತು. ಗಾಜಿನ ಪಟ್ಟಿಯ ಮೇಲೆ ಪುಡಿ ಹರಡಿ ಅಯೋಡಿನ್ ಹಾಕಿದೆ. ತುಂಬ ಪಿಷ್ಟದ ಕಣಗಳು, ಎರಡು ಮೂರು ಒಟ್ಟಿಗೆ ಅಂಟಿಕೊಂಡವು, ನೀಲಿಯಾಗಿ ಎದ್ದುಬಂದವು. ನಡುನಡುವೆ ದಪ್ಪ ಗೋಡೆಯ ಕಲ್ಲುಕೋಶಗಳು. ಇದು ಬೇರು. ಕೊನೆಗೆ ನಮ್ಮ ಹಳೆಯ ಪದ್ಧತಿಯಂತೆ, ತುಂಬ ತೆಳುಗೊಳಿಸಿದ ದ್ರಾವಣದ ಒಂದು ಹನಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿ ಬಾಯಿ ತೊಳೆದುಕೊಂಡೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಇರುವೆ ಹರಿದಂತೆ ಜುಮುಜುಮು ಶುರುವಾಗಿ ಮಧ್ಯಾಹ್ನದ ಊಟದವರೆಗೂ ಹೋಗಲಿಲ್ಲ. ವತ್ಸನಾಭಿ. ಎರಡೂ ಪೊಟ್ಟಣಗಳಲ್ಲಿ ಅದೇ ವಿಷದ ಬೇರು.

ಗುಜರಾತಿನ ಅಂಗಡಿಗಳಲ್ಲಿ ವತ್ಸನಾಭಿಗೆ ಶಿಂಗಡಿಯೋ ವಛನಾಗ್ ಎನ್ನುತ್ತಾರೆ. ಶಿಂಗಡು ಎಂದರೂ ಕೊಂಬೇ. ಒಣಗಿದ ಆ ಬೇರು ಎಳೆಗರುವಿನ ಕೊಂಬಿನಷ್ಟೇ ಉದ್ದ, ಅಷ್ಟೇ ಮೊನಚು. ಕೆಮ್ಮಿನ ಮದ್ದಿಗೂ ಕೊಲ್ಲುವ ವಿಷಕ್ಕೂ ಒಂದೇ ಹೆಸರು ಅಂಟಿಕೊಂಡಿದೆ ಎಂಬುದು ನನಗೆ ಹೊಸದಲ್ಲ. ಅಂಗಡಿಯವನು ಯಾವ ಡಬ್ಬಿಗೆ ಕೈ ಹಾಕಬೇಕೋ ಅದನ್ನು ಬಿಟ್ಟು ಇನ್ನೊಂದಕ್ಕೆ ಹಾಕಿದ್ದಾನೆ, ಪಾಪದ ಕೆಲಸ ಎಂದುಕೊಂಡೆ.

ಎರಡು ದಿನ ಬಿಟ್ಟು ಹವಾಲ್ದಾರ ಮತ್ತೆ ಬಂದ. ಈ ಸಲ ಒಂದು ಕಾಗದ ತಂದಿದ್ದ. “ಅಂಗಡಿಯವನು ಹೇಳುತ್ತಾನೆ, ಡಬ್ಬಿ ಅಹಮದಾಬಾದಿನ ದೊಡ್ಡ ವ್ಯಾಪಾರಿಯಿಂದ ಬಂದದ್ದಂತೆ. ವ್ಯಾಪಾರಿ ಈ ಕಾಗದ ತೋರಿಸುತ್ತಾನೆ. ಇದು ನಿಮ್ಮದೇ ಅಲ್ಲವೇ, ಬೇನ್?”

ನಮ್ಮ ಪ್ರಯೋಗಾಲಯದ ಪ್ರಮಾಣಪತ್ರ. ಐದು ತಿಂಗಳ ಹಿಂದಿನದು. ಮಾದರಿಯ ಹೆಸರು: ಶೃಂಗಿ. ಫಲಿತಾಂಶ: ಅಪ್ಪಟ, ಕಲಬೆರಕೆ ಇಲ್ಲ. ಕೆಳಗೆ ನನ್ನ ಸಹಿ.

ಕಪಾಟಿನಿಂದ ಆ ತಿಂಗಳ ಟಿಪ್ಪಣಿ ಪುಸ್ತಕ ತೆಗೆದೆ. ಹವಾಲ್ದಾರನಿಗೆ ಬೆನ್ನು ಹಾಕಿ ನಿಂತು ಪುಟ ತಿರುವಿದೆ. ಪುಟದಲ್ಲಿ ಎಲ್ಲ ಸರಿಯಾಗಿತ್ತು. ಬೇರಿನ ಚಿತ್ರ, ಪಿಷ್ಟದ ಅಳತೆ, ಲ್ಯಾಟಿನ್ ಹೆಸರು, ಅದರ ಮುಂದೆ ‘ಶೃಂಗಿ ವಿಷ, ವತ್ಸನಾಭಿ’. ಪುಟಕ್ಕೆ ಟಾಚಣಿ ಚುಚ್ಚಿದ ಕರಡೂ ಇತ್ತು. ಅದರಲ್ಲಿ ‘ವಿಷ, ವತ್ಸನಾಭಿ’ ಎಂಬಷ್ಟರ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಅದು ನಮ್ಮ ವಿಭಾಗದ ಮುಖ್ಯಸ್ಥರದು. ಅವರು ಅಂದು ಹೇಳಿದ್ದು ನೆನಪಾಯಿತು: ಮಾದರಿ ಕಳಿಸಿದವರು ಶೃಂಗಿಯೇ ಎಂದು ಕೇಳಿದ್ದಾರೆ, ಕೇಳಿದ ಹೆಸರಿಗೆ ಉತ್ತರ ಕೊಡಿ. ಬೇರು ಅಪ್ಪಟವಾಗಿತ್ತು, ಶೃಂಗಿ ಎಂಬುದು ಆ ವಿಷದ ಹೆಸರೂ ಹೌದು. ನಾನು ಬೆರಳಚ್ಚಾದ ಹಾಳೆಗೆ ಸಹಿ ಮಾಡಿದ್ದೆ.

ಮುಖ್ಯಸ್ಥರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯರು. ಪರವೂರಿನಿಂದ ಬಂದ ನನಗೆ ಗುಜರಾತಿ ಅಂಗಡಿ ಹೆಸರುಗಳನ್ನು ಒಂದೊಂದಾಗಿ ಕಲಿಸಿದವರು ಅವರೇ. ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಇಟ್ಟರು.

“ಪೊಟ್ಟಣದಲ್ಲಿ ಏನಿದೆ ಎಂದು ಕೇಳಿದ್ದಾರೆ. ವತ್ಸನಾಭಿ ಎಂದು ಬರೆಯಿರಿ. ಹೆಚ್ಚು ಒಂದಕ್ಷರ ಬೇಡ.”

“ಎರಡನೆಯ ಪ್ರಶ್ನೆ, ಸರ್? ಚೀಟಿಯಲ್ಲಿರುವುದು ಇದೇನಾ ಅಂತ?”

“ಅದು ಸಸ್ಯಶಾಸ್ತ್ರದ ಪ್ರಶ್ನೆ ಅಲ್ಲ. ನಮಗೆ ಗೊತ್ತಿಲ್ಲ ಎನ್ನಿ.” ಕನ್ನಡಕ ಒರೆಸಿ ಹಾಕಿಕೊಂಡು ಹೇಳಿದರು, “ನಿವೃತ್ತಿಗೆ ನನಗಿನ್ನು ಹದಿನಾಲ್ಕು ತಿಂಗಳು ಉಳಿದಿದೆ.”

ನನ್ನ ಯಜಮಾನರು ರೈಲ್ವೆ ಕಚೇರಿಯವರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು. ಸಂಜೆ ಎಲ್ಲ ಕೇಳಿಸಿಕೊಂಡು, “ನೀ ಕುಟ್ಟಿಲ್ಲ, ಮಾರಿಲ್ಲ. ವಿಷಾನ ಸರಿಯಾಗಿ ಗುರುತು ಹಿಡದೀ. ನಿಂದೇನು ತಪ್ಪು ಅದರಾಗ?” ಎಂದರು.

“ಗುರುತು ಹಿಡದೆ. ಬರೀಲಿಲ್ಲ.”

“ಶೃಂಗಿ ಅಂತ ಬರದೀಯಲ್ಲ.”

“ಶೃಂಗಿ ಅಂದ್ರ ಕೊಂಬಿನಂಥಾದ್ದು ಅಂತ ಅಷ್ಟ ರೀ. ನಾವು ಅರಿಷಿಣ ಕೊಂಬು ಅಂತೀವಿ, ಶುಂಠಿ ಕೊಂಬು ಅಂತೀವಿ. ಬರೇ ಕೊಂಬು ಕೊಡ್ರಿ ಅಂದ್ರ ಅಂಗಡಿಯವ ಏನು ಕೊಡಬೇಕು?”

ತಟ್ಟೆ ಎತ್ತಿಡುತ್ತ ಅವರು, “ನೌಕರಿ ಹೋದ್ರ ಏನು ಮಾಡ್ತಿ?” ಎಂದರು.

ಮರುದಿನ ಔಷಧ ಇನ್ಸ್‌ಪೆಕ್ಟರರ ಜೊತೆ ಮಾದರಿ ಗುರುತಿಸಲು ಅಹಮದಾಬಾದಿಗೆ ಹೋಗಬೇಕಾಯಿತು. ಬೆಳಗಿನ ರೈಲು. ವ್ಯಾಪಾರಿಯ ಗೋದಾಮು ಹಳೇ ಪೇಟೆಯ ಇಕ್ಕಟ್ಟಾದ ಓಣಿಯಲ್ಲಿತ್ತು. ಚೀಲಗಳ ನಡುವೆ ಅಳಲೆಕಾಯಿ, ಬಜೆ, ಜ್ಯೇಷ್ಠಮಧುವಿನ ವಾಸನೆ. ವ್ಯಾಪಾರಿ ವಯಸ್ಸಾದವರು, ಬಿಳಿ ಟೋಪಿ. ನನ್ನನ್ನು ನೋಡಿ ಗದರಲಿಲ್ಲ. ಅದಕ್ಕಿಂತ ಕಷ್ಟವಾದದ್ದನ್ನು ಹೇಳಿದರು.

“ಮಾಲು ಉತ್ತರದ ಬೆಟ್ಟಗಳ ಕಡೆಯಿಂದ ಬಂತು. ಚೀಲದ ಮೇಲೆ ಸಿಂಗಿಯಾ ಅಂತಿತ್ತು, ಶೃಂಗಿ ಎನ್ನುವುದಕ್ಕೆ ಅಲ್ಲಿನ ಮಾತು. ನಮ್ಮ ಲೆಕ್ಕ ಬರೆಯುವ ಮುನೀಮ ಬಿಚ್ಚಿ ನೋಡಿ, ಸೇಠ್, ಕಾಕಡಾಶಿಂಗಿ ಟೊಳ್ಳಲ್ಲವೇ, ಇದು ಗಟ್ಟಿ ಇದೆ ಎಂದ. ನನಗೂ ಅನುಮಾನ ಬಂತು. ಅದಕ್ಕೇ ನಿಮ್ಮನ್ನು ಕೇಳಿದೆವು. ನೀವು ಶೃಂಗಿ, ಅಪ್ಪಟ ಎಂದಿರಿ. ಕಾಕಡಾಶಿಂಗಿಯಲ್ಲೇ ಬೇರೆ ಜಾತಿ ಇರಬೇಕು ಅಂದುಕೊಂಡು ಪುಡಿ ಮಾಡಿಸಿ, ಡಬ್ಬಿ ತುಂಬಿಸಿ, ಮೇಲೆ ಶೃಂಗಿ ಎಂದು ಬರೆಸಿದೆವು. ನಾವು ಇನ್ನೇನು ಮಾಡಬೇಕಿತ್ತು, ಬೇನ್?”

ಪುಡಿ ಮಾಡಿದ ಹೆಂಗಸು ಗೋದಾಮಿನ ಹಿಂದೆ ಜರಡಿ ಹಿಡಿದು ಕೂತಿದ್ದಳು. ಕೇಳಿದ್ದಕ್ಕೆ ಹೇಳಿದಳು: “ಆ ದಿನ ಜೀಭ್ ಬಹೇರ್ ಮಾರಿ ಗಯಿ.” ನಾಲಿಗೆ ಕಿವುಡಾಯಿತು ಎನ್ನುತ್ತಾರೆ ಅಲ್ಲಿ, ಜೋಮು ಹಿಡಿದದ್ದಕ್ಕೆ. ಅವಳು ಮುನೀಮನಿಗೂ ಹೇಳಿದ್ದಳು. ಕಾಗದ ಬಂದಿದೆ, ಮಾಲು ಸರಿ ಇದೆ ಎಂದು ಅವನು ಹೇಳಿದನಂತೆ.

ಅಲ್ಲಿಂದ ಹೋದ ಡಬ್ಬಿಗಳು ಹನ್ನೊಂದು. ಒಂದು ಸೂರತ್ತಿನದು. ಉಳಿದ ಹತ್ತು ನಡಿಯಾದ್, ಭರೂಚ್, ಆಣಂದ್ ಹೀಗೆ ಬೇರೆ ಬೇರೆ ಊರಿನ ಅಂಗಡಿಗಳಲ್ಲಿ ಇದ್ದವು, ಅಂದೂ ಇದ್ದವು. ಇನ್ಸ್‌ಪೆಕ್ಟರ್ ಗೋದಾಮಿನ ಮಾಲಿಗೆ ಮುದ್ರೆ ಹಾಕಿದರು. ಊರೂರಿಗೆ ತಂತಿ ಕೊಡಿ, ಡಬ್ಬಿ ತರಿಸಿ ಎಂದೆ. ಅವರು ತಲೆ ಅಲ್ಲಾಡಿಸಿದರು.

“ಹೇಗೆ ತರಿಸಲಿ? ಎಲ್ಲ ಡಬ್ಬಿಗೂ ನಿಮ್ಮ ಪ್ರಮಾಣಪತ್ರದ ರಕ್ಷಣೆ ಇದೆ. ಅಂಗಡಿಯವರು ಅದನ್ನೇ ತೋರಿಸುತ್ತಾರೆ. ಮೊದಲು ನಿಮ್ಮ ಆಫೀಸು ಅದನ್ನು ರದ್ದು ಮಾಡಲಿ. ಬರೋಡಾಕ್ಕೆ ಹೋಗಿ ನಿಮ್ಮ ಸಾಹೇಬರಿಂದ ಪತ್ರ ಕಳಿಸಿ.”

ಅಂದು ಶುಕ್ರವಾರ. ಸಾಹೇಬರು ಕಡತ ಮೇಲಕ್ಕೆ ಕಳಿಸುತ್ತಾರೆ, ಮೇಲಿನವರು ಕಾನೂನು ವಿಭಾಗವನ್ನು ಕೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಯಾವುದೋ ಊರಿನಲ್ಲಿ ಯಾರೋ ಮಗುವಿಗೆ ಜೇನಿನಲ್ಲಿ ಕಲಸುತ್ತಾರೆ. ವ್ಯಾಪಾರಿಯ ಮೇಜಿನಿಂದ ಒಂದು ಹಾಳೆ ಕೇಳಿ ತೆಗೆದುಕೊಂಡೆ. ಪ್ರಮಾಣಪತ್ರದಲ್ಲಿ ಶೃಂಗಿ ಎಂದು ನಾನು ಬರೆದದ್ದು ವತ್ಸನಾಭಿ ಎಂಬ ವಿಷದ ಬೇರು. ಅದು ಕಾಕಡಾಶಿಂಗಿ ಅಲ್ಲ. ಆ ಪ್ರಮಾಣಪತ್ರವನ್ನು ಯಾರೂ ನೆಚ್ಚಬಾರದು ಎಂದು ಬರೆದು, ಹೆಸರು, ಹುದ್ದೆ ಹಾಕಿ ಸಹಿ ಮಾಡಿದೆ. ನನಗೆ ಆ ಅಧಿಕಾರ ಇರಲಿಲ್ಲ. ಇನ್ಸ್‌ಪೆಕ್ಟರ್ ಓದಿ, “ಯೋಚನೆ ಮಾಡಿದ್ದೀರಾ?” ಎಂದರು. ಮಾಡಿದ್ದೇನೆ ಎಂದೆ. ನಿಜವಾಗಿ ಮಾಡಿರಲಿಲ್ಲ. ಮಾಡಲು ಕೂತಿದ್ದರೆ ಬರೆಯುತ್ತಿರಲಿಲ್ಲವೇನೋ.

ಮೂರು ಗಂಟೆಗೆ ತಂತಿಗಳು ಹೋದವು. ವಾರದೊಳಗೆ ಒಂಬತ್ತು ಡಬ್ಬಿ ಬಂದವು. ಹತ್ತನೆಯದು ಸಿಗಲೇ ಇಲ್ಲ. ಅಂಗಡಿಯವನು ಅದನ್ನು ಯಾರೋ ಊರೂರು ತಿರುಗುವ ವ್ಯಾಪಾರಿಗೆ ಮಾರಿಬಿಟ್ಟಿದ್ದ. ಅದರಿಂದ ಯಾರಿಗಾದರೂ ಏನಾದರೂ ಆಯಿತೆಂಬ ಸುದ್ದಿ ನನ್ನವರೆಗೆ ಬರಲಿಲ್ಲ. ಆಗಲಿಲ್ಲ ಎಂದು ಅದರ ಅರ್ಥವಲ್ಲ.

ಸೋಮವಾರ ಸಾಹೇಬರು ನನ್ನನ್ನು ಕೂರಲು ಹೇಳಲಿಲ್ಲ. “ನನ್ನನ್ನು ಒಂದು ಮಾತು ಕೇಳಬಹುದಿತ್ತು” ಎಂದರು, ಅಷ್ಟೇ. ಸೂರತ್ತಿನ ಮ್ಯಾಜಿಸ್ಟ್ರೇಟರಿಂದ ಸಮನ್ಸ್ ಬಂದಾಗ, ಟಿಪ್ಪಣಿ ಪುಸ್ತಕ ಒಯ್ಯುತ್ತೇನೆ ಎಂದು ಹೇಳಲು ಹೋದೆ. ಅವರು ಪುಸ್ತಕ ತೆರೆದು ಆ ಪುಟ ನೋಡಿ, “ಪುಸ್ತಕ ಒಯ್ಯಿರಿ. ಕರಡು ಇಲ್ಲಿರಲಿ” ಎಂದರು. ಕೆಂಪು ಗೆರೆ ಇದ್ದದ್ದು ಕರಡಿನಲ್ಲಿ. ನಾನು ಟಾಚಣಿ ಬಿಚ್ಚಿ ಅದನ್ನು ಅವರ ಮೇಜಿನ ಮೇಲಿಟ್ಟೆ.

ಪದದ ವಿಷಯವನ್ನೇ ಪೂರ್ತಿಯಾಗಿ ಬರೆದು ಒಯ್ಯಬೇಕೆನಿಸಿತು. ಬರೋಡಾದಲ್ಲಿ ಪರಿಚಯದ ಒಬ್ಬ ಶಾಸ್ತ್ರಿಗಳಿದ್ದರು, ಹಸ್ತಪ್ರತಿಗಳ ನಡುವೆ ಕಣ್ಣು ಸವೆಸಿದವರು. ನಾನು ಬಂದ ಕಾರಣ ಹೇಳಲಿಲ್ಲ, ಶೃಂಗಿಯ ಅರ್ಥ ಬೇಕೆಂದೆ. ಅವರಿಗೆ ಖುಷಿಯಾಯಿತು. ಶೃಂಗ ಎಂದರೆ ಕೊಂಬು, ಬೆಟ್ಟದ ತುದಿ, ಊದುವ ಕಹಳೆ, ಮೇಲಕ್ಕೆ ಎದ್ದು ಕಾಣುವ ಯಾವುದೂ. ಹಸಿಶುಂಠಿಗೆ ಶೃಂಗವೇರ, ಕೊಂಬಿನ ಮೈಯದು. ಕೆರೆಯಲ್ಲಿ ಬೆಳೆಯುವ ಕೊಂಬಿನ ಕಾಯಿ ಶಿಂಗಾಡಾಕ್ಕೂ ಅದೇ ಮೂಲ. “ಇಲ್ಲಿನವರು ಕಡಲೇಕಾಯಿಗೂ ಶಿಂಗ್ ಎನ್ನುತ್ತಾರಲ್ಲ, ಅದು ಕೋಡಿನಂಥ ಕಾಯಿ ಎಂದೋ ಏನೋ, ಖಚಿತ ಹೇಳಲಾರೆ” ಎಂದರು. ಶೃಂಗಿ ಎಂದರೆ ಕರ್ಕಟಶೃಂಗಿ ಎಂದು ಒಂದು ಪದಕೋಶ, ಅತಿವಿಷ ಎಂಬ ಮದ್ದಿನ ಬೇರು ಎಂದು ಇನ್ನೊಂದು, ಸ್ಥಾವರ ವಿಷಗಳಲ್ಲಿ, ಅಂದರೆ ಗಿಡಮೂಲದ ವಿಷಗಳಲ್ಲಿ, ಒಂದು ಎಂದು ಮತ್ತೊಂದು.

“ಹುಟ್ಟು ಎಲ್ಲಿಂದ?” ಎಂದು ಕೇಳಿದೆ.

“ಹಳಬರಲ್ಲಿ ಒಮ್ಮತ ಇಲ್ಲಮ್ಮ. ತಲೆಯಿಂದ, ಶಿರಸ್ಸಿನಿಂದ ಹೊರಟದ್ದು ಅಂತ ಕೆಲವರು. ನೋಯಿಸು ಎಂಬ ಧಾತುವಿನಿಂದ ಬಂದದ್ದು ಅಂತ ಕೆಲವರು. ಶರಣಕ್ಕೆ, ಅಂದರೆ ಕಾಪಾಡುವುದಕ್ಕೆ ಎದ್ದು ನಿಂತದ್ದು ಅಂತಲೂ ಹೇಳುತ್ತಾರೆ.”

ಎಲ್ಲವನ್ನೂ ಬರೆದುಕೊಂಡೆ. ಯಾವುದು ಸರಿ ಎಂದು ಕೇಳಲಿಲ್ಲ. ಅವರು ನಗುತ್ತಾ ಇನ್ನೊಂದು ಕೋಶ ತೆಗೆಯಲು ಎದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಸೂರತ್ತಿನ ಕೋರ್ಟಿನಲ್ಲಿ ಅಂಗಡಿಯವನನ್ನು ಮೊದಲ ಸಲ ನೋಡಿದೆ. ಐವತ್ತರ ಆಸುಪಾಸು. ಗಡ್ಡ ಬೆಳೆದಿತ್ತು. ನನ್ನತ್ತ ನೋಡಲಿಲ್ಲ, ತನ್ನ ಕೈಗಳನ್ನೇ ನೋಡುತ್ತಿದ್ದ. ಸರ್ಕಾರಿ ವಕೀಲರು ಕೇಳಿದ್ದು ಒಂದೇ: ಪುಡಿ ವಿಷವೇ? ಹೌದೆಂದೆ. ಇಳಿಯಬಹುದು ಎಂದರು. ನಾನು ಇಳಿಯಲಿಲ್ಲ. ಚೀಟಿಯ ಪ್ರಶ್ನೆಗೂ ಉತ್ತರ ತಂದಿದ್ದೇನೆ ಎಂದು ಮೂರು ಪುಟ ಚಾಚಿದೆ. ಮ್ಯಾಜಿಸ್ಟ್ರೇಟರು ಮೊದಲ ಪುಟ ಓದಿ ಹುಬ್ಬು ಗಂಟಿಕ್ಕಿದರು.

“ಬೇನ್, ನೀವು ಪ್ರಯೋಗಾಲಯದವರೋ ವ್ಯಾಕರಣದವರೋ?”

“ಪ್ರಯೋಗಾಲಯದವಳು, ಸಾಹೇಬ್. ಈ ಪದಕ್ಕೆ ಎರಡು ಅರ್ಥ ಇದೆ. ವೈದ್ಯರು ಮದ್ದು ಎಂಬ ಅರ್ಥದಲ್ಲಿ ಬರೆದರು. ನಾನು ವಿಷ ಎಂಬ ಅರ್ಥದಲ್ಲಿ ಬರೆದೆ. ಎರಡೂ ಕಾಗದದಲ್ಲಿ ಪದ ಒಂದೇ. ಈ ಅಂಗಡಿಯವರು ಚೀಟಿಯಲ್ಲಿದ್ದ ಹೆಸರನ್ನು ಡಬ್ಬಿಯಲ್ಲಿದ್ದ ಹೆಸರಿನೊಂದಿಗೆ ಸರಿಯಾಗಿಯೇ ಹೊಂದಿಸಿದ್ದಾರೆ.”

“ನಿಮಗೆ ವಿಷ ಎಂದು ಗೊತ್ತಿತ್ತೇ?”

“ಗೊತ್ತಿತ್ತು. ಪುಸ್ತಕದಲ್ಲಿ ಬರೆದಿದ್ದೇನೆ.”

“ಮತ್ತೆ ಪ್ರಮಾಣಪತ್ರದಲ್ಲಿ ಯಾಕಿಲ್ಲ?”

“ಸಹಿ ನನ್ನದು, ಸಾಹೇಬ್” ಎಂದೆ. ಅವರು ಅದನ್ನೇ ಬರೆದುಕೊಂಡರು. ಆ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕಲಿಸಿದವರನ್ನು ಉಳಿಸಿದೆನೋ, ಅಥವಾ ಅರ್ಧ ಸತ್ಯ ಹೇಳುವ ಅದೇ ತಪ್ಪನ್ನು ಎರಡನೆಯ ಸಲ ಮಾಡಿದೆನೋ, ಇಂದಿಗೂ ನನಗೆ ಬಗೆಹರಿದಿಲ್ಲ.

ಅಂಗಡಿಯವನಿಗೆ ಅಂದೇ ಜಾಮೀನು ಸಿಕ್ಕಿತು, ಮಳೆಗಾಲ ಶುರುವಾಗುವ ಹೊತ್ತಿಗೆ ಮೊಕದ್ದಮೆಯಿಂದಲೂ ಬಿಡುಗಡೆಯಾಯಿತು. ನನಗೆ ಅಧಿಕಾರ ಮೀರಿದ್ದಕ್ಕೆ ಮತ್ತು ನಿರ್ಲಕ್ಷ್ಯಕ್ಕೆ, ಎರಡಕ್ಕೂ ಸೇರಿಸಿ ಒಂದು ಮೆಮೊ. ಒಂದು ವರ್ಷ ಸೂಕ್ಷ್ಮದರ್ಶಕದಿಂದ ದೂರ, ಕಡತಗಳ ಕೋಣೆಯಲ್ಲಿ. ನಮ್ಮ ನಮೂನೆ ಬದಲಾಯಿತು: ಲ್ಯಾಟಿನ್ ಹೆಸರು, ಗಿಡದ ಯಾವ ಭಾಗ, ಸ್ಥಳೀಯ ಹೆಸರು, ವಿಷವೋ ಅಲ್ಲವೋ, ಒಂದೊಂದಕ್ಕೂ ಬೇರೆ ಸಾಲು. ಆ ನಮೂನೆಯನ್ನು ಸಿದ್ಧಪಡಿಸಿದವರು ಸಾಹೇಬರೇ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಎಲ್ಲರಿಗೂ ಕೈಮುಗಿಯುತ್ತ ಬಂದವರು, ನನ್ನ ಮುಂದೆ ಒಂದು ಕ್ಷಣ ಹೆಚ್ಚು ನಿಂತರು. ಏನೋ ಹೇಳುತ್ತಾರೆಂದುಕೊಂಡೆ. ಮುಂದಕ್ಕೆ ಹೋದರು.

ಬಿಡುಗಡೆಯ ಸುದ್ದಿ ಬಂದ ತಿಂಗಳು ನಾನು ರಜೆ ಹಾಕಿ ಸೂರತ್ತಿಗೆ ಹೋಗಿದ್ದೆ. ಹಳೇ ಪೇಟೆಯಲ್ಲಿ ಆ ಅಂಗಡಿ ತೆರೆದಿತ್ತು. ಗೂಡುಗಳಿಂದ ಮೂಲಿಕೆ ಡಬ್ಬಿಗಳು ಹೋಗಿ ಊದಿನಕಡ್ಡಿ, ದೀಪದ ಬತ್ತಿ ಬಂದಿದ್ದವು. ನನ್ನನ್ನು ಕಂಡು ಅವನು ಒಳಗೆದ್ದು ಹೋದ, ಹೊರಗೆ ಬರಲಿಲ್ಲ. ಕಾಯುವುದು ಸರಿಯೆನಿಸಲಿಲ್ಲ.

ಸೇತುವೆ ದಾಟಿ ಅಡಾಜಣ್‌ಗೆ ನಡೆದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ತೀರಿಕೊಂಡ ಅಜ್ಜಿಯ ಮಗ ಜಗಲಿಯ ಮೇಲೆ ಬದನೆಕಾಯಿ ಬುಟ್ಟಿ ತುಂಬುತ್ತಿದ್ದ. ನಾನು ಯಾರೆಂದು ಹೇಳಿದೆ. ಅವನು ಕೈ ಒರೆಸಿಕೊಂಡು ಮಂಚ ತೋರಿಸಿದ. ಗುಜರಾತಿಯಲ್ಲಿ, ತಪ್ಪು ತಪ್ಪಾಗಿ, ನಡೆದದ್ದನ್ನೆಲ್ಲ ಹೇಳಿದೆ. ಕೆಂಪು ಗೆರೆಯನ್ನೂ ಹೇಳಿದೆ. ಅದನ್ನು ನಾನು ಮನೆಯ ಹೊರಗೆ ಬೇರೆ ಯಾರಿಗೂ ಹೇಳಿರಲಿಲ್ಲ.

“ಇದೆಲ್ಲ ಕೋರ್ಟಿನಲ್ಲಿ ಆಯಿತಲ್ಲ, ಬೇನ್” ಎಂದ. “ಮತ್ತೆ ಇಲ್ಲಿಗೆ ಯಾಕೆ ಬಂದಿರಿ?”

“ಅಲ್ಲಿ ಅವರು ಕೇಳಿದರು, ಹೇಳಿದೆ. ನಿಮಗೆ ಯಾರೂ ಹೇಳಿರಲಿಲ್ಲ.”

ಅವನು ಮತ್ತೆ ಬುಟ್ಟಿಯತ್ತ ತಿರುಗಿ ಎರಡು ಬದನೆಕಾಯಿ ಇಟ್ಟ, ಒಂದನ್ನು ತೆಗೆದ. “ಅಮ್ಮ ಮೂರು ದಿನ ಹೇಳುತ್ತಲೇ ಇದ್ದಳು, ಹೋಗಿ ಮದ್ದು ತಾ ಎಂದು. ನನಗೆ ಹೊಲದ ಕೆಲಸ. ಕೊನೆಗೆ ತಾನೇ ಹೋದಳು” ಎಂದ. ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟಳು. ನಾನು ಕುಡಿದು ಮುಗಿಸುವವರೆಗೂ ಇಬ್ಬರೂ ನಿಂತೇ ಇದ್ದರು.

ಹೊರಟಾಗ ಅವನು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದ. ಬೇಡವೆಂದರೂ ಕೇಳಲಿಲ್ಲ. ಹೊಲಗಳ ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಸೇತುವೆಯ ಬುಡಕ್ಕೆ ಬಂದ ಮೇಲೆ ನಿಂತ. ಎದುರಿನಿಂದ ಎತ್ತಿನ ಗಾಡಿಗಳ ಸಾಲೊಂದು ಬರುತ್ತಿತ್ತು. ಅದು ಪೂರ್ತಿ ದಾಟುವವರೆಗೂ ನನ್ನನ್ನು ರಸ್ತೆಗಿಳಿಯಲು ಬಿಡಲಿಲ್ಲ. ಆಮೇಲೆ, “ಈಗ ಹೋಗಿ” ಎಂದ.